ಆರು ಎಂಪಿಗಳ ಪಕ್ಷ, ಒಂದು ಮಂತ್ರಿ ಕುರ್ಚಿ

ಬ್ರಿಟನ್ ರಾಜಕೀಯದ ಮಾತು ಶುರುವಾದ್ರೆ ಚರ್ಚಿಲ್ಲು, ಅಟ್ಲೀ, ಇವರಿಬ್ಬರಲ್ಲೇ ಟೈಮ್ ಮುಗಿದುಹೋಗತ್ತೆ. ಇವತ್ತು ಅವರಿಬ್ಬರನ್ನ ಪಕ್ಕಕ್ಕಿಡೋಣ. ಕ್ಲೆಮೆಂಟ್ ಡೇವಿಸ್ ಅಂತ ಒಬ್ಬರಿದ್ರು, 1945ರಿಂದ 1956ರ ತನಕ ಲಿಬರಲ್ ಪಕ್ಷದ ಲೀಡರ್. ಹೆಸರು ಕೇಳಿಲ್ಲ ಅಲ್ವಾ? ಅದಕ್ಕೇ ಈ ವಿಡಿಯೋ.

ಲೀಡರ್ ಆಗಿದ್ದೇ ಆಕಸ್ಮಿಕ. 1945ರಲ್ಲಿ ಆಗಿನ ಲೀಡರ್ ಆರ್ಚಿಬಾಲ್ಡ್ ಸಿಂಕ್ಲೇರ್ ತಮ್ಮ ಸ್ವಂತ ಸೀಟಲ್ಲೇ ಮೂರನೇ ಸ್ಥಾನಕ್ಕೆ ಬಿದ್ರು, ಗೆದ್ದವರಿಗೂ ಇವರಿಗೂ ಬರೀ 61 ವೋಟ್ ವ್ಯತ್ಯಾಸ. ಉಳಿದಿದ್ದು 12 ಎಂಪಿಗಳು, ಸದ್ಯಕ್ಕೆ ನೀವೇ ನೋಡ್ಕೊಳ್ಳಿ ಅಂತ ಡೇವಿಸ್‌ರನ್ನ ಕೂರಿಸಿದ್ರು. ಆ "ಸದ್ಯಕ್ಕೆ" ಹನ್ನೊಂದು ವರ್ಷ ಎಳೀತು.

ಮನುಷ್ಯ ಸಾಮಾನ್ಯರೇನಲ್ಲ. ವೇಲ್ಸ್‌ನ ಮಾಂಟ್‌ಗಮರಿಶೈರ್‌ನಿಂದ 1929ರಲ್ಲಿ ಗೆದ್ದವರು ಸಾಯೋತನಕ ಅಲ್ಲಿ ಸೋಲಲೇ ಇಲ್ಲ, ಒಳ್ಳೇ ಹೆಸರಿದ್ದ ಲಾಯರ್ ಬೇರೆ. 1940ರ ಮೇ ತಿಂಗಳಲ್ಲಿ, ನಾರ್ವೆಯಲ್ಲಿ ಯುದ್ಧ ಕೆಟ್ಟಿದ್ದಕ್ಕೆ ಪಾರ್ಲಿಮೆಂಟಲ್ಲಿ ಚರ್ಚೆ ನಡೀತಲ್ಲ, ಚೇಂಬರ್ಲೇನ್ ಬಹುಮತ 81ಕ್ಕೆ ಇಳಿದು ಪ್ರಧಾನಿ ಪಟ್ಟ ಹೋಯ್ತಲ್ಲ, ಅದರ ಹಿಂದೆ ಎಲ್ಲಾ ಪಕ್ಷದ ಎಂಪಿಗಳನ್ನ ಒಟ್ಟು ಹಾಕಿ ಓಡಾಡಿದವರಲ್ಲಿ ಇವರೂ ಒಬ್ಬರು. ಅಂದ್ರೆ ಚರ್ಚಿಲ್ ಆ ಕುರ್ಚಿಗೆ ಬಂದಿದ್ದರಲ್ಲಿ ಇವರ ಕೈವಾಡವೂ ಇತ್ತು.

ಇನ್ನು ಮನೆ ಕಡೆ ನೋಡಿದ್ರೆ ಹೊಟ್ಟೆ ಕಿವುಚಿದ ಹಾಗಾಗತ್ತೆ. ನಾಲ್ಕು ಮಕ್ಕಳಲ್ಲಿ ಮೂವರು ಹೋಗ್ಬಿಟ್ರು, ಮೂವರೂ 24ನೇ ವಯಸ್ಸಲ್ಲಿ. ಕುಡಿತ ಜಾಸ್ತಿ ಇತ್ತು ಅಂತ ಇವರನ್ನ ಆಡ್ಕೊಳ್ಳೋರಿಗೆ ಇದಷ್ಟು ನೆನಪಿರಲಿ.

ಲೀಡರ್ ಆಗಿ ಏನ್ ಸಾಧಿಸಿದ್ರು ಅಂದ್ರೆ, ನೇರವಾಗಿ ಹೇಳ್ತೀನಿ, ಲೆಕ್ಕ ನೋಡಿದ್ರೆ ಬರೀ ಸೋಲು. 1950ರಲ್ಲಿ 475 ಜನರನ್ನ ನಿಲ್ಲಿಸಿ 319 ಜನರ ಠೇವಣಿ ಹೋಯ್ತು, ಗೆದ್ದಿದ್ದು 9. ಮುಂದಿನ ವರ್ಷ ಮತ್ತೆ ಎಲೆಕ್ಷನ್, ದುಡ್ಡಿಲ್ಲ, ನಿಲ್ಲಿಸಿದ್ದು 109, ಗೆದ್ದಿದ್ದು 6. ಆ ಆರರಲ್ಲೂ ಐದು ಕಡೆ ಕನ್ಸರ್ವೇಟಿವ್‌ನವರು ಕ್ಯಾಂಡಿಡೇಟೇ ಹಾಕಿರಲಿಲ್ಲ! ಇದ್ದ ಬೆರಳೆಣಿಕೆ ಎಂಪಿಗಳೂ ಒಂದೇ ಕಡೆ ವೋಟ್ ಹಾಕ್ತಿರಲಿಲ್ಲ, ಅವರನ್ನ ಹಿಡಿದಿಡೋ ತಾಕತ್ತು ಇವರಿಗಿರಲಿಲ್ಲ.

ಅದೇ 1951ರಲ್ಲಿ ಕನ್ಸರ್ವೇಟಿವ್ ಲೀಡರ್ ಚರ್ಚಿಲ್ ಗೆದ್ರು, ಬಹುಮತ ಬರೀ 17. ಡೇವಿಸ್‌ಗೆ ಚಾರ್ಟ್‌ವೆಲ್ ಅನ್ನೋ ಚರ್ಚಿಲ್ ಮನೆಗೆ ಕರೆ ಬಂತು, ಶಿಕ್ಷಣ ಮಂತ್ರಿ ಆಗ್ತೀರಾ ಅಂತ. ಯೋಚನೆ ಮಾಡಿ, ವಯಸ್ಸು 67, ಜನ್ಮದಲ್ಲಿ ಮಂತ್ರಿ ಆದವರಲ್ಲ, ಇನ್ನೊಂದ್ ಸಲ ಈ ಬಾಗಿಲು ತೆರೆಯಲ್ಲ ಅಂತ ಯಾರಿಗಾದ್ರೂ ಗೊತ್ತಾಗತ್ತೆ. ಪಕ್ಷದವರನ್ನ ಕೇಳಿದ್ರು, ಅವರು ಬೇಡ ಅಂದ್ರು, ಇವರೂ ಚರ್ಚಿಲ್‌ಗೆ ಬೇಡ ಅಂದ್ಬಿಟ್ರು.

ಗ್ರೇಟ್ ತ್ಯಾಗ ಅಂತ ಹೂವಿನ ಹಾರ ಹಾಕೋಕೆ ನಾನ್ ಬಂದಿಲ್ಲ, ಪಕ್ಷದವರು ಹೂಂ ಅಂದಿದ್ರೆ ಹೋಗ್ತಿದ್ರೇನೋ. ಆದ್ರೆ ಒಂದು ವಿಷಯ ಇದೆ, ಕನ್ಸರ್ವೇಟಿವ್ ಜೊತೆ ಕೈಜೋಡಿಸೋ ದಾರಿ ಎಲ್ಲಿಗೆ ಹೋಗತ್ತೆ ಅಂತ ಇವರು ಸ್ವತಃ ನಡೆದು ನೋಡಿದ್ರು. 1931ರಲ್ಲಿ ಪಕ್ಷದ ಹಿರಿಯ ಎಂಪಿ ಜಾನ್ ಸೈಮನ್ ಜೊತೆ ಲಿಬರಲ್ ನ್ಯಾಷನಲ್ಸ್ ಅಂತ ಒಡೆದು ಹೋದ ಗುಂಪಲ್ಲಿ ಇವರೂ ಇದ್ರು, 1939ರಲ್ಲಿ ಬಿಟ್ಟು ಬಂದ್ರು. ಆ ಗುಂಪಿನ ಗತಿ ಏನಾಯ್ತು? 1947ರಲ್ಲಿ ಕನ್ಸರ್ವೇಟಿವ್‌ ಜೊತೆ ಒಪ್ಪಂದ, ಆಮೇಲೆ ನಿಧಾನಕ್ಕೆ ಸಕ್ಕರೆ ಹಾಲಲ್ಲಿ ಕರಗಿದ ಹಾಗೆ ಕರಗಿ 1968ಕ್ಕೆ ಹೆಸರೂ ಇಲ್ಲ. ಹಿಂದೆ ಲಿಬರಲ್ ಪ್ರಧಾನಿಯಾಗಿದ್ದ ಲಾಯ್ಡ್ ಜಾರ್ಜ್ ಅವರ ಮಗ ಗ್ವಿಲಿಮ್ ಚರ್ಚಿಲ್ ಸರ್ಕಾರದಲ್ಲಿ ಆಹಾರ ಮಂತ್ರಿ ಆದ್ರು, ಮಗಳು ಮೆಗನ್ 1955ರಲ್ಲಿ ಲೇಬರ್‌ಗೆ ಹೋದ್ರು. ಐದು ಸೀಟು ಎದುರಾಳಿ ಬಿಟ್ಟುಕೊಟ್ಟಿದ್ದೇ ಆಗಿರುವಾಗ ಲೀಡರೂ ಹೋಗಿ ಅವರ ಕ್ಯಾಬಿನೆಟ್ಟಲ್ಲಿ ಕೂತಿದ್ರೆ ಪಕ್ಷ ಅಂತ ಹೇಳ್ಕೊಳ್ಳೋಕೆ ಏನಿರ್ತಿತ್ತು?

1956ರಲ್ಲಿ ಫೋಕ್‌ಸ್ಟನ್ ಸಮ್ಮೇಳನದಲ್ಲಿ ಕೆಳಗಿಳಿದ್ರು, ಜೋ ಗ್ರಿಮಂಡ್ ಬಂದ್ರು. ಆಮೇಲೆ ಪಕ್ಷ ಚೇತರಿಸಿಕೊಂಡಿದ್ದರ ಕ್ರೆಡಿಟ್ ಪೂರ್ತಿ ಗ್ರಿಮಂಡ್‌ಗೇ ಕೊಡೋದು ರೂಢಿ, ನನಗೆ ಅದು ಅರ್ಧ ಸತ್ಯ ಅನ್ಸತ್ತೆ, ಅವರ ಕೈಗೆ ಒಂದು ಪಕ್ಷ ಅಂತ ಉಳಿಸಿ ಕೊಟ್ಟವರು ಯಾರು? 1962ರ ಮಾರ್ಚ್ 14ಕ್ಕೆ ಆರ್ಪಿಂಗ್ಟನ್ ಉಪಚುನಾವಣೆ, ಕನ್ಸರ್ವೇಟಿವ್‌ ಭದ್ರಕೋಟೆ, ಲಿಬರಲ್‌ನವರು 7,855 ವೋಟಲ್ಲಿ ಗೆದ್ರು. ಒಂಬತ್ತು ದಿನ ಕಳೆದು ಡೇವಿಸ್ ತೀರ್ಕೊಂಡ್ರು. ಮಾಂಟ್‌ಗಮರಿಶೈರ್ ಖಾಲಿ ಆಯ್ತು, ಮೇ ತಿಂಗಳಲ್ಲಿ ಅಲ್ಲೂ ಲಿಬರಲ್‌ನವರೇ ಗೆದ್ರು.