ಮ್ಯಾನ್‌ಹೋಲ್ ಸಾವಿನ ಮರುದಿನ: ಪಳನಿ ಕುಮಾರ್ ಕ್ಯಾಮೆರಾ ಹಿಡಿದು ಹೋದ ದಾರಿ

(ಪರದೆ: ದಿನಪತ್ರಿಕೆಯ ಒಳಪುಟದಲ್ಲಿ ಒಂದು ಪುಟ್ಟ ಸುದ್ದಿ)

ನಿರೂಪಣೆ: ಮ್ಯಾನ್‌ಹೋಲ್‌ಗೆ ಇಳಿದ ಕಾರ್ಮಿಕ ಉಸಿರುಗಟ್ಟಿ ಸತ್ತರೆ ಪತ್ರಿಕೆಯಲ್ಲಿ ನಾಲ್ಕು ಸಾಲು ಬರುತ್ತದೆ. ಮರುದಿನ ಆ ಮನೆಯಲ್ಲಿ ಒಲೆ ಹೊತ್ತಿತೇ, ಪರಿಹಾರಕ್ಕಾಗಿ ಹೆಂಡತಿ ಎಷ್ಟು ಕಚೇರಿಗಳಿಗೆ ಅಲೆದಳು, ಮಕ್ಕಳ ಶಾಲೆ ಏನಾಯಿತು? ಇದು ಯಾವ ಪುಟದಲ್ಲೂ ಸಿಗುವುದಿಲ್ಲ. ತಮಿಳುನಾಡಿನ ಛಾಯಾಗ್ರಾಹಕ ಎಂ. ಪಳನಿ ಕುಮಾರ್ ಈ ಮನೆಗಳ ಬಾಗಿಲಿಗೆ ಹೋಗುತ್ತಾರೆ.

(ಪರದೆ: ಮದುರೆ ನಕ್ಷೆ, ನಸುಕಿನ ಮೀನು ಮಾರುಕಟ್ಟೆ)

ಮದುರೆ ಸಮೀಪದ ಜವಾಹರ್‌ಲಾಲ್‌ಪುರಂ ಅವರ ಊರು. ತಾಯಿ ಮೀನು ಮಾರಿ ಸಂಸಾರ ನಡೆಸಿದವರು. ಮಗ ಓದಿದ್ದು ಎಂಜಿನಿಯರಿಂಗ್. 2013ರಲ್ಲಿ ಅವರ ಕೈಗೆ ಕ್ಯಾಮೆರಾ ಬಂದದ್ದು ಆ ತಾಯಿ ಮಾಡಿದ ಸಾಲದಿಂದ. ನಸುಕಿನಲ್ಲಿ, ಬೀದಿದೀಪದ ಬೆಳಕಿನಲ್ಲಿ ದುಡಿಯುವ ತಾಯಿಯನ್ನೂ ಅವರು ಚಿತ್ರಿಸಿದ್ದಾರೆ. ನನ್ನ ದೃಷ್ಟಿಯಲ್ಲಿ ಅವರ ಇಡೀ ಕೆಲಸಕ್ಕೆ ಬುನಾದಿ ಇದೇ. ದುಡಿಮೆಯನ್ನು ಮನೆಯೊಳಗಿನಿಂದ ಕಂಡವರು ಬೇರೆಯವರ ದುಡಿಮೆಯ ಮುಂದೆ ಪ್ರವಾಸಿಯಂತೆ ನಿಲ್ಲುವುದಿಲ್ಲ.

2017ರಲ್ಲಿ ತೆರೆಕಂಡ, ಮಲ ಹೊರುವವರ ಬದುಕಿನ ಸಾಕ್ಷ್ಯಚಿತ್ರ ‘ಕಕ್ಕೂಸ್’ಗೆ ಅವರು ಛಾಯಾಗ್ರಹಣ ಮಾಡಿದರು. ಆಮೇಲೆ ಆ ವಿಷಯವನ್ನು ಕೈಬಿಡಲೇ ಇಲ್ಲ.

(ಪರದೆಯ ಮೇಲೆ ಅಕ್ಷರ: 1993, 2013, 2014, 2023)

ಮಲ ಹೊರಿಸುವುದನ್ನು ನಿಷೇಧಿಸುವ ಕಾನೂನು ಇಲ್ಲವೆಂದಲ್ಲ. 1993ರಲ್ಲಿ ಒಂದು, 2013ರಲ್ಲಿ ಇನ್ನೂ ಬಿಗಿಯಾದ ಮತ್ತೊಂದು ಬಂದವು. ಚರಂಡಿ ಸಾವಿಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಆದರೂ ಮನುಷ್ಯರನ್ನು ಗುಂಡಿಗೆ ಇಳಿಸುವುದು ನಿಂತಿಲ್ಲ. ಇಳಿಯುವವರು ಬಹುಪಾಲು ದಲಿತರೇ. ಈ ಸತ್ಯಕ್ಕೆ ಮುಖ ಬೇಕು, ಮನೆ ಬೇಕು. ಅದನ್ನೇ ಪಳನಿ ತೋರಿಸುತ್ತಾರೆ.

(ಪರದೆ: ರಾಮನಾಥಪುರದ ಕಡಲತೀರ)

ಪತ್ರಕರ್ತ ಪಿ. ಸಾಯಿನಾಥ್ 2014ರಲ್ಲಿ ಆರಂಭಿಸಿದ, ಗ್ರಾಮೀಣ ಭಾರತದ ಬದುಕನ್ನು ದಾಖಲಿಸುವ ಜಾಲತಾಣ ‘ಪರಿ’ಯಲ್ಲಿ ಈಗ ಪಳನಿಯವರ ಕೆಲಸ. ಅಲ್ಲಿಗಾಗಿ ಅವರು ಭಾರತಿನಗರದ ಹೆಂಗಸರನ್ನೂ ಚಿತ್ರಿಸಿದರು. ಈ ಮೀನುಗಾರ ಮಹಿಳೆಯರು ಕಡಲಿಗೆ ಧುಮುಕಿ ಪಾಚಿ ಕೀಳುತ್ತಾರೆ, ಬೆರಳಿಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡು. ದಯಾನಿತಾ ಸಿಂಗ್-ಪರಿ ಸಾಕ್ಷ್ಯ ಛಾಯಾಗ್ರಹಣ ಪ್ರಶಸ್ತಿ ಮೊದಲು ಸಂದದ್ದು ಪಳನಿಯವರಿಗೇ, 2022ರಲ್ಲಿ.

ಪ್ರಶಸ್ತಿಗಿಂತ ನನಗೆ ದೊಡ್ಡದಾಗಿ ಕಾಣುವುದು ಇನ್ನೊಂದಿದೆ. ಪೌರಕಾರ್ಮಿಕರ, ಮೀನುಗಾರರ ಮಕ್ಕಳಿಗೆ ಅವರು ಛಾಯಾಗ್ರಹಣ ಕಲಿಸುತ್ತಾರೆ. ಆ ಮಕ್ಕಳು ತಮ್ಮ ಓಣಿಯನ್ನು, ಅಪ್ಪ ಅಮ್ಮನ ದುಡಿಮೆಯನ್ನು ತಾವೇ ಚಿತ್ರಿಸುತ್ತಾರೆ. ಯಾವುದನ್ನು ತೋರಿಸಬೇಕು, ಯಾವುದು ಮನೆಯೊಳಗೇ ಇರಲಿ ಎಂಬ ತೀರ್ಮಾನವೂ ಅವರದೇ ಆಗುತ್ತದೆ.