ನಡೆಯದ ಬಹಿಷ್ಕಾರ, ಆರದ ಹೊಗೆ

ಈ ಚಿತ್ರದಲ್ಲಿ ರಾಜನ ಮುಖ ಆಮೇಲೆ. ಮೊದಲು ನೆಲ ನೋಡಿ. ಅಲ್ಲಿ ಬಿದ್ದಿರುವ ಮೇಣದಬತ್ತಿಯಿಂದ ಹೊಗೆ ಇನ್ನೂ ಏಳುತ್ತಿದೆ, ರಾಜದಂಡವೂ ಉರುಳಿದೆ. ಸಿಂಹಾಸನದಲ್ಲಿ ಫ್ರಾನ್ಸಿನ ದೊರೆ ಎರಡನೆಯ ರಾಬರ್ಟ್ ಮರಗಟ್ಟಿ ಕೂತಿದ್ದಾನೆ. ರಾಣಿ ಬರ್ತಾ ಅವನಿಗೆ ಆತುಕೊಂಡಿದ್ದಾಳೆ. ಪಾದ್ರಿಗಳು ಆಗಲೇ ಬೆನ್ನು ತಿರುಗಿಸಿ ಹೊರಟಿದ್ದಾರೆ.

ಜಾನ್ ಪೋಲ್ ಲೊರಾನ್ಸ್ 1875ರಲ್ಲಿ ಬಿಡಿಸಿದ ತೈಲಚಿತ್ರ ಇದು. ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂನಲ್ಲಿದೆ. ಎತ್ತರ 130 ಸೆಂಟಿಮೀಟರ್, ಅಗಲ 218.

ಮೇಣದಬತ್ತಿ ಯಾಕೆ? ಒಬ್ಬರನ್ನು ಚರ್ಚಿನಿಂದ ಹೊರಹಾಕುವ ಬಹಿಷ್ಕಾರದ ಹಳೆಯ ವಿಧಿಯೇ ಹಾಗಿತ್ತು. ಬಿಷಪ್ ಜೊತೆ 12 ಪಾದ್ರಿಗಳು ಉರಿಯುವ ಬತ್ತಿ ಹಿಡಿದು ನಿಲ್ಲುತ್ತಿದ್ದರು, ಶಾಪದ ಮಾತು ಮುಗಿದ ಕೂಡಲೇ ಅವನ್ನು ನೆಲಕ್ಕೆಸೆದು ಆರಿಸುತ್ತಿದ್ದರು. ಲೊರಾನ್ಸ್ ಒಂದನ್ನೇ ನಮ್ಮ ಕಣ್ಣೆದುರಿಗೆ ತಂದಿಟ್ಟಿದ್ದಾನೆ. ಇಲ್ಲೊಂದು ಸಣ್ಣ ಮೋಸವಿದೆ. ಆರಿದ ಬತ್ತಿ ಹೊಗೆಯಾಡುವುದು ಸ್ವಲ್ಪವೇ ಹೊತ್ತು. ಅಷ್ಟರಲ್ಲಿ ಇಷ್ಟು ಜನ ಬಾಗಿಲು ಮುಟ್ಟುವುದು ಕಷ್ಟ. ಆದರೂ ಆ ಹೊಗೆ ಇರಲೇಬೇಕು. ಶಾಪ ಹಾಕಿದ್ದು ಈಗಷ್ಟೇ ಎಂದು ಹೇಳುವುದು ಅದೊಂದೇ. ಅದನ್ನು ಬೆರಳಲ್ಲಿ ಮುಚ್ಚಿ ನೋಡಿ, ಗಂಡ ಹೆಂಡತಿ ಬೇಜಾರಲ್ಲಿ ಕೂತಂತೆ ಕಾಣುತ್ತದೆ.

ಇನ್ನು ರಾಬರ್ಟನ ತಪ್ಪೇನು? ಅವನ ತಂದೆಯ ತಾಯಿ, ಬರ್ತಾಳ ತಾಯಿಯ ತಾಯಿ, ಇಬ್ಬರೂ ಒಡಹುಟ್ಟಿದವರು. ನಮ್ಮ ಕಡೆ ಲೆಕ್ಕ ಹಾಕಿದರೆ ಅವಳು ಸೋದರತ್ತೆ ಮಗಳಾಗುತ್ತಾಳೆ, ವರಸೆ ಸರಿಯಾಗಿದೆ ಅಂತ ಹಿರಿಯರು ತಾಂಬೂಲ ಬದಲಾಯಿಸುತ್ತಿದ್ದರು! ಚರ್ಚಿಗೆ ಅದು ನಿಷಿದ್ಧ ರಕ್ತಸಂಬಂಧ. ಸಾಲದ್ದಕ್ಕೆ ಬರ್ತಾಳ ಮೊದಲ ಮದುವೆಯ ಮಗುವೊಂದಕ್ಕೆ ರಾಬರ್ಟ್ ಜ್ಞಾನಸ್ನಾನದ ಧರ್ಮಪಿತ. ಅದೂ ಅಡ್ಡಿಯೇ.

ಪೋಪ್ ಐದನೆಯ ಗ್ರೆಗರಿಯ ಕಾಲದ ರೋಮ್‌ನ ಧರ್ಮಸಭೆ 7 ವರ್ಷದ ಪ್ರಾಯಶ್ಚಿತ್ತ ವಿಧಿಸಿತು, ಬರ್ತಾಳನ್ನು ಬಿಡದಿದ್ದರೆ ಬಹಿಷ್ಕಾರ ಎಂದು ಬೆದರಿಸಿತು. ಅಷ್ಟೇ. ಚಿತ್ರದಲ್ಲಿರುವಂತೆ ಅರಮನೆಗೆ ನುಗ್ಗಿ ಶಾಪ ಹಾಕಿದ್ದಕ್ಕೆ ಆಧಾರವಿಲ್ಲ. ರಾಬರ್ಟ್ ತಕ್ಷಣ ಬಗ್ಗಲೂ ಇಲ್ಲ. 999ರಲ್ಲಿ ಪೋಪ್ ಆಗಿ ಬಂದ ಎರಡನೆಯ ಸಿಲ್ವೆಸ್ಟರ್ ಅವನಿಗೆ ಪಾಠ ಹೇಳಿದ್ದ ಗುರುವೇ. ಬರ್ತಾಳನ್ನು ಬಿಟ್ಟು ಆರ್ಲ್‌ನ ಕಾನ್‌ಸ್ಟನ್ಸ್‌ಳನ್ನು ಮದುವೆಯಾದದ್ದು ಮುಂದೆ, ಗಂಡು ಸಂತಾನವಿಲ್ಲದ ಚಿಂತೆಯೂ ಇದ್ದಾಗ.

ಹಾಗಾದರೆ ಲೊರಾನ್ಸ್ ಕತೆ ಕಟ್ಟಿದ್ದೇಕೆ? ಅವನು ಪಕ್ಕಾ ಗಣರಾಜ್ಯವಾದಿ, ಪುರೋಹಿತಶಾಹಿಯ ವಿರೋಧಿ. 1875ರ ಫ್ರಾನ್ಸಿನಲ್ಲಿ ಶಿಕ್ಷಣದಲ್ಲಿ ಚರ್ಚಿನ ಕೈ ಎಷ್ಟಿರಬೇಕು ಎಂಬ ಜಗಳ ಜೋರಾಗಿತ್ತು. ಇತಿಹಾಸದ ಪರೀಕ್ಷೆಯಲ್ಲಿ ಈ ಚಿತ್ರಕ್ಕೆ ಸೊನ್ನೆ ಕೊಡುತ್ತೇನೆ, ರಾಜಕೀಯ ಕರಪತ್ರವಾಗಿ ಪೂರ್ತಿ ಅಂಕ. ಮೊಬೈಲಿನಲ್ಲಿ ಇಬ್ಬರ ಮುಖಕ್ಕೆ ಕತ್ತರಿಸಿದ ಪ್ರತಿಗಳು ಸಿಕ್ಕರೆ ಮಾತ್ರ ಬಿಟ್ಟುಬಿಡಿ. ಅವುಗಳಲ್ಲಿ ಆ ಖಾಲಿ ನೆಲವೇ ಇರುವುದಿಲ್ಲ.