ಏನೂ ಆಗದ ಹಾಗೆ ನೋಡಿಕೊಂಡವರು

ನಮಸ್ಕಾರ. 1994ರ ವಿಶ್ವಕಪ್ ಫೈನಲ್ ಅಂದ ಕೂಡಲೇ ಫುಟ್‌ಬಾಲ್ ನೋಡುವವರಿಗೆ ನೆನಪಾಗುವುದು ಒಂದೇ ಚಿತ್ರ. ಇಟಲಿಯ ರಾಬರ್ಟೊ ಬ್ಯಾಜಿಯೊ ತಲೆ ತಗ್ಗಿಸಿ ನಿಂತಿದ್ದಾರೆ. ಅವರ ಪೆನಾಲ್ಟಿ ಗೋಲಿನ ಮೇಲಿಂದ ಹಾರಿಹೋಗಿದೆ. ಪಂದ್ಯ ಸಮವಾದಾಗ ಗೆಲುವು ತೀರ್ಮಾನಿಸಲು ಎರಡೂ ತಂಡದವರು ಸರದಿಯಲ್ಲಿ ಹೊಡೆಯುವ ಒದೆತಗಳವು. ಆದರೆ ಅವತ್ತು ಇಟಲಿಯ ಮೊದಲ ಪೆನಾಲ್ಟಿಯೂ ಹೀಗೇ ಮೇಲಿಂದ ಹೋಗಿತ್ತು. ಅದನ್ನು ಹೊಡೆದವರು ನಾಯಕ ಫ್ರಾಂಕೊ ಬರೇಸಿ. ಅದಕ್ಕೂ ಮುಂಚೆ 120 ನಿಮಿಷ ಅವರು ಆಡಿದ್ದರಲ್ಲ, ನಾನು ನೋಡಿದ ಡಿಫೆಂಡರ್‌ಗಳ ಆಟದಲ್ಲಿ ಅದಕ್ಕಿಂತ ಚೆನ್ನಾಗಿದ್ದು ಇನ್ನೊಂದಿಲ್ಲ. ಜನರ ನೆನಪಲ್ಲಿ ಉಳಿದಿದ್ದು ಮಾತ್ರ ಆ ಒಂದು ಒದೆತ.

ಡಿಫೆಂಡರ್ ಕೆಲಸವೇ ಹಾಗೆ. ಸ್ಟ್ರೈಕರ್ ಹೊಡೆದ ಗೋಲು ಲೆಕ್ಕಕ್ಕೆ ಸಿಗುತ್ತದೆ. ಡಿಫೆಂಡರ್ ತಡೆದ ಗೋಲು ಆಗಲೇ ಇಲ್ಲವಲ್ಲ, ಅದನ್ನು ಎಲ್ಲಿ ಬರೆದಿಡುತ್ತೀರಿ?

ಬರೇಸಿ ಹುಟ್ಟಿದ್ದು 1960ರ ಮೇ 8ರಂದು, ಬ್ರೆಶಾ ಹತ್ತಿರದ ಟ್ರಾವಾಲ್ಯಾಟೊ ಎಂಬ ಊರಲ್ಲಿ. ಚಿಕ್ಕ ವಯಸ್ಸಿಗೇ ತಾಯಿ ಹೋದರು, ಆಮೇಲೆ ತಂದೆಯೂ. ಅಣ್ಣ ಜುಸೆಪ್ಪೆಯನ್ನು ಮಿಲಾನ್ ನಗರದ ಇಂಟರ್ ಕ್ಲಬ್ ಸೇರಿಸಿಕೊಂಡಿತು. ತಮ್ಮನನ್ನು ನೋಡಿ, ಇವನು ತೀರಾ ಪೀಚು ಅಂತ ವಾಪಸ್ ಕಳಿಸಿತು. ಅದೇ ನಗರದ ಎದುರಾಳಿ ಮಿಲಾನ್ ಕ್ಲಬ್ ಕರೆದುಕೊಂಡಿತು. ಅಲ್ಲಿ ಅವನಿಗೆ ಬಿದ್ದ ಹೆಸರು 'ಪಿಶಿನಿನ್'. ಮಿಲಾನಿನ ಆಡುಮಾತಲ್ಲಿ 'ಪುಟ್ಟ' ಅಂತ. ಆ ಪುಟ್ಟ 1978ರ ಏಪ್ರಿಲ್‌ನಲ್ಲಿ, 17ನೇ ವಯಸ್ಸಿಗೆ, ವೆರೋನಾ ವಿರುದ್ಧ ಮೊದಲ ಲೀಗ್ ಪಂದ್ಯ ಆಡಿದ. ಮುಂದಿನ ವರ್ಷ ಮಿಲಾನ್ ಲೀಗ್ ಗೆದ್ದಿತು.

ಅಲ್ಲಿಗೆ ಎಲ್ಲ ಸುಗಮ ಅನ್ನಿಸಬಹುದು. ಆಗಲಿಲ್ಲ. 1980ರಲ್ಲಿ ಬೆಟ್ಟಿಂಗ್ ಹಗರಣ ಹೊರಬಿತ್ತು. ಶಿಕ್ಷೆಯಾಗಿ ಮಿಲಾನನ್ನು ಎರಡನೇ ದರ್ಜೆಗೆ ದಬ್ಬಿದರು. ಮೇಲೆ ಬಂದರು, 1982ರಲ್ಲಿ ಮತ್ತೆ ಬಿದ್ದರು, ಈ ಸಲ ಆಡಲಾರದೆ. ಅದೇ ಬೇಸಿಗೆ ಇಟಲಿ ವಿಶ್ವಕಪ್ ಗೆದ್ದಾಗ ಬರೇಸಿ ತಂಡದಲ್ಲಿದ್ದರು, ಒಂದು ನಿಮಿಷವೂ ಆಡಲಿಲ್ಲ ಅನ್ನುವುದು ಬೇರೆ ಮಾತು. ವಿಶ್ವಕಪ್ ಪದಕ ಕೈಯಲ್ಲಿದ್ದ 22ರ ಆಟಗಾರ ಬೇರೆ ಕ್ಲಬ್ಬಿಗೆ ಹೋಗಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಅವರು ಅಲ್ಲೇ ಉಳಿದರು, ನಾಯಕರೂ ಆದರು.

ಈಗ ಆಟದ ವಿಷಯಕ್ಕೆ ಬರ್ತೀನಿ, ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಇಟಲಿಯ ಹಳೇ ಪದ್ಧತಿಗೆ 'ಕತೆನಾಚೊ' ಅಂತ ಹೆಸರು. ಅಂದರೆ ಬಾಗಿಲ ಅಗುಳಿ. ಒಬ್ಬೊಬ್ಬ ಎದುರಾಳಿಗೂ ಒಬ್ಬೊಬ್ಬ ಕಾವಲು. ಎಲ್ಲರ ಹಿಂದೆ 'ಲಿಬೆರೊ', ಅಂದರೆ ಯಾರನ್ನೂ ಕಾಯಬೇಕಿಲ್ಲದ ಸ್ವತಂತ್ರ ಆಟಗಾರ. ಬರೇಸಿ ಬೆಳೆದಿದ್ದು ಆ ಜಾಗದಲ್ಲಿ.

1987ರಲ್ಲಿ ಅರಿಗೊ ಸಾಕಿ ಕೋಚ್ ಆಗಿ ಬಂದರು. ದೊಡ್ಡ ಆಟಗಾರರಾಗಿ ಹೆಸರು ಮಾಡಿದವರೇ ಅಲ್ಲ. ಅವರು ಅಗುಳಿಯನ್ನೇ ಕಿತ್ತು ಬಿಸಾಕಿದರು. ಮನುಷ್ಯನನ್ನು ಕಾಯಬೇಡಿ, ಜಾಗ ಕಾಯಿರಿ ಅಂದರು. ಟಸೋಟಿ, ಕೊಸ್ಟಾಕುರ್ಟ, ಬರೇಸಿ, ಮಾಲ್ಡಿನಿ ಒಂದೇ ಸಾಲಿನಲ್ಲಿ ನಿಂತರು. ಕಬಡ್ಡಿಯಲ್ಲಿ ಸರಪಳಿ ಕಟ್ಟಿದವರು ಹೇಗೆ ಒಟ್ಟಿಗೆ ಕದಲುತ್ತಾರೋ ಹಾಗೆ. ಒಬ್ಬ ತಡ ಮಾಡಿದರೂ ಕೆಟ್ಟಿತು. ಯಾಕೆಂದರೆ ಆಫ್‌ಸೈಡ್ ನಿಯಮ. ಪಾಸ್ ಕೊಡುವ ಕ್ಷಣದಲ್ಲಿ ದಾಳಿಗಾರ ಡಿಫೆನ್ಸ್ ಸಾಲು ದಾಟಿ ನಿಂತಿದ್ದರೆ ಆಟ ನಿಲ್ಲುತ್ತದೆ. 1990ರವರೆಗೆ ಸಮಸಮಕ್ಕೆ ನಿಂತಿದ್ದರೂ ಆಫ್‌ಸೈಡೇ. ಹಾಗಾಗಿ ಪಾಸ್ ಹೊರಡುವ ಮುಂಚಿನ ಗಳಿಗೆಯಲ್ಲಿ ನಾಲ್ವರೂ ಒಂದು ಹೆಜ್ಜೆ ಮುಂದಿಟ್ಟರೆ ಸಾಕು, ದಾಳಿಗಾರ ಹಿಂದೆ ಸಿಕ್ಕಿಬೀಳುತ್ತಾನೆ. ಆ ಗಳಿಗೆ ಯಾವುದು ಅಂತ ತೀರ್ಮಾನಿಸುವವರು ಬರೇಸಿ. ಹೆಜ್ಜೆ ಮುಂದೆ, ಆಫ್‌ಸೈಡ್ ಅಂತ ಕೈ ಮೇಲೆ. ಹಿಂದೆ ಓಡೋದು ಸುಲಭ ಕಣ್ರೀ. ಚೆಂಡು ನಿಮ್ಮತ್ತ ಬರುವಾಗ ಮುಂದೆ ಹೋಗೋಕೆ ಗುಂಡಿಗೆ ಬೇಕು.

ಸಾಕಿಯೇ ಹೇಳಿಕೊಂಡ ಒಂದು ಪ್ರಸಂಗ ಇದೆ. ಪ್ರಾಕ್ಟೀಸಿನಲ್ಲಿ ಈ ನಾಲ್ವರು ಮತ್ತು ಗೋಲಿ ಒಂದು ಕಡೆ. ಇನ್ನೊಂದು ಕಡೆ ಮಿಲಾನಿನ ದೊಡ್ಡ ದಾಳಿಗಾರರಾದ ಗುಲ್ಲಿಟ್, ವಾನ್ ಬಾಸ್ಟನ್ ಸೇರಿ ಹತ್ತು ಜನ. ಹದಿನೈದು ನಿಮಿಷ. ಹತ್ತು ಜನರಿಗೂ ಒಂದು ಗೋಲು ಹೊಡೆಯಲಾಗಲಿಲ್ಲ.

ಬರೇಸಿ ಎತ್ತರ ಸುಮಾರು 1.76 ಮೀಟರ್. ಡಿಫೆಂಡರ್‌ಗೆ ಕಮ್ಮಿಯೇ. ಹಾಗಾಗಿ ತಲೆಯಲ್ಲಿ ಆಡಿದರು, ತಲೆಯಿಂದ ಚೆಂಡು ಹೊಡೆಯುವ ಹೆಡರ್ ಬಗ್ಗೆ ಹೇಳ್ತಿಲ್ಲ ನಾನು. ಮಿಲಾನ್ 1989 ಮತ್ತು 1990ರಲ್ಲಿ ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿಯಾದ ಯುರೋಪಿಯನ್ ಕಪ್ ಗೆದ್ದಿತು. ಆಮೇಲೆ, ಸಾಕಿ ನಂತರ ಕೋಚ್ ಆದ ಕಪೆಲ್ಲೊ ಕಾಲದಲ್ಲಿ, ಲೀಗಿನಲ್ಲಿ ಸತತ 58 ಪಂದ್ಯ ಸೋಲಲಿಲ್ಲ. ನನಗೆ ಜಾಸ್ತಿ ಇಷ್ಟವಾದ ಲೆಕ್ಕ ಬೇರೆ: 1993-94ರಲ್ಲಿ 34 ಲೀಗ್ ಪಂದ್ಯಗಳಿಗೆ ಮಿಲಾನ್ ಬಿಟ್ಟುಕೊಟ್ಟಿದ್ದು ಬರೀ 15 ಗೋಲು. ಏನೂ ಆಗದ ಹಾಗೆ ನೋಡಿಕೊಳ್ಳುವುದು ಅಂದರೆ ಇದು.

ಆ ಬೇಸಿಗೆ ಅಮೆರಿಕದಲ್ಲಿ ವಿಶ್ವಕಪ್. ಜೂನ್ 23ರಂದು ನಾರ್ವೆ ವಿರುದ್ಧ ಬರೇಸಿಯ ಮಂಡಿಯ ಮೆನಿಸ್ಕಸ್, ಅಂದರೆ ಒಳಗಿನ ಮೆತ್ತನೆಯ ಮೂಳೆ, ಹರಿಯಿತು. ಅಲ್ಲೇ ಆಪರೇಷನ್ ಆಯ್ತು. ಎಲ್ಲರೂ ಅವರ ವಿಶ್ವಕಪ್ ಮುಗಿಯಿತು ಅಂದುಕೊಂಡರು. ಜುಲೈ 17ರಂದು, ಗಾಯವಾದ 24ನೇ ದಿನ, 34 ವರ್ಷದ ಆ ಮನುಷ್ಯ ಪಾಸಡೀನಾದ ಮಧ್ಯಾಹ್ನದ ಬಿಸಿಲಲ್ಲಿ ಬ್ರೆಜಿಲ್ ಎದುರು ನಿಂತಿದ್ದರು. ಎದುರಿಗೆ ರೊಮಾರಿಯೊ, ಬೆಬೆಟೊ. ಜೊತೆಗಾರ ಕೊಸ್ಟಾಕುರ್ಟಗೆ ನಿಷೇಧ, ಹಾಗಾಗಿ ಮಾಲ್ಡಿನಿ ಮಧ್ಯಕ್ಕೆ ಬಂದರು. 120 ನಿಮಿಷ ಕಳೆದರೂ 0-0. ಕೊನೆಕೊನೆಗೆ ಕಾಲು ಸೆಟೆದುಕೊಳ್ಳುತ್ತಿತ್ತು. ಅದೇ ಕಾಲಲ್ಲಿ ಮೊದಲ ಪೆನಾಲ್ಟಿಗೆ ನಡೆದುಹೋದರು. ಆಮೇಲಿನದು ನಿಮಗೆ ಗೊತ್ತು. ಇಟಲಿ 3-2ಕ್ಕೆ ಸೋತಿತು, ಬರೇಸಿ ಮಗುವಿನ ಹಾಗೆ ಅತ್ತರು.

1997ರಲ್ಲಿ ನಿವೃತ್ತಿ. ಮಿಲಾನ್ ಪರ 719 ಪಂದ್ಯ, ಬೇರೆ ಕ್ಲಬ್ಬೇ ಇಲ್ಲ. ಅವರ 6ನೇ ನಂಬರಿನ ಅಂಗಿಯನ್ನು ಕ್ಲಬ್ ಇನ್ಯಾರಿಗೂ ಕೊಡುವುದಿಲ್ಲ ಅಂದಿತು.

ಸರಿ, ದೀಪ ಆರಿಸಿ. ಆ ಫೈನಲ್‌ನ ಒಂದಷ್ಟು ಭಾಗ ಹಾಕ್ತೀನಿ. ಪೆನಾಲ್ಟಿ ತೋರಿಸೋದಿಲ್ಲ. ಒಂದೇ ಕೇಳಿಕೆ: ಚೆಂಡು ನೋಡಬೇಡಿ. ನೀಲಿ ಅಂಗಿ, 6ನೇ ನಂಬರ್. ಅವರನ್ನೇ ನೋಡ್ತಾ ಇರಿ.